ದಡಕ್ಕೆ ಬಿದ್ದ ತಿಮಿಂಗಿಲದಿಂದ ಡಿಎನ್‌ಎ ಮಾದರಿ ತೆಗೆಯುವುದು: ಮಲ್ಪೆ–ಮಂಗಳೂರು ಕರಾವಳಿಯ ತಂಡಗಳಿಗೆ

ಪಡುಕೆರೆಯಲ್ಲೋ ಸೋಮೇಶ್ವರದಲ್ಲೋ ತಿಮಿಂಗಿಲದ ಕಳೇಬರ ದಡ ಸೇರಿದರೆ ಜನ ಸೇರುವುದಕ್ಕೂ ಜೆಸಿಬಿ ಬಂದು ಹೂಳುವುದಕ್ಕೂ ನಡುವೆ ಹೆಚ್ಚು ಹೊತ್ತು ಇರುವುದಿಲ್ಲ. ಅಷ್ಟರೊಳಗೆ ಬೆರಳತುದಿಯಷ್ಟು ಚರ್ಮ ಸರಿಯಾಗಿ ತೆಗೆದಿಟ್ಟರೆ, ಪ್ರಾಣಿ ಯಾವ ಜಾತಿಯದು, ಗಂಡೋ ಹೆಣ್ಣೋ, ಯಾವ ಗುಂಪಿಗೆ ಸೇರಿದ್ದು ಎಂಬುದೆಲ್ಲ ಮುಂದೆ ತಿಳಿಯುತ್ತದೆ.

ಮೊದಲು ಕಾಗದಪತ್ರ. ತಿಮಿಂಗಿಲ, ಡಾಲ್ಫಿನ್‌ಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಕಳೇಬರವೂ ಸರ್ಕಾರದ ಸ್ವತ್ತು. ಹಾಗಾಗಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಚೂರು ಚರ್ಮವನ್ನೂ ಮುಟ್ಟಬೇಡಿ. ಹೆಣ ಬಿದ್ದ ದಿನ ಅರ್ಜಿ ಹಾಕಿದರೆ ತಡವಾಯಿತೆಂದೇ ಲೆಕ್ಕ. ಅನುಮತಿ ಮೊದಲೇ ಕೈಯಲ್ಲಿರಲಿ. ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡುವಾಗಲೇ ನಿಮ್ಮ ಕೆಲಸವೂ ಮುಗಿಯಲಿ.

ಡಬ್ಬಿಯಲ್ಲಿ ಇರಬೇಕಾದ್ದು: 15 ಮಿ.ಲೀ. ಮುಚ್ಚಳದ ಟ್ಯೂಬ್‌ಗಳು, 95 ಶೇಕಡಾಕ್ಕಿಂತ ಹೆಚ್ಚಿನ ಎಥನಾಲ್, ಹೊಸ ಸ್ಕಾಲ್ಪೆಲ್ ಬ್ಲೇಡ್‌ಗಳು, ಚಿಮುಟ, ಕೈಗವಸು, ಮಾಸ್ಕ್, ಟೇಪು, ಟ್ರೇಸಿಂಗ್ ಪೇಪರಿನ ಚೀಟಿ, ಪೆನ್ಸಿಲ್. ಪೆನ್ಸಿಲ್ಲೇ ಯಾಕೆಂದರೆ ಮಾರ್ಕರ್ ಶಾಯಿ ಎಥನಾಲಿನಲ್ಲಿ ಕರಗಿ ಹೋಗುತ್ತದೆ. ಮುಚ್ಚಳದಿಂದ ಒಂದು ಹನಿ ಸೋರಿದರೂ ಹೊರಗೆ ಬರೆದದ್ದು ಮಾಯ, ಮಾದರಿ ಅನಾಥ. ಹೊರಗೂ ಬರೆಯಿರಿ, ಒಳಗೂ ಚೀಟಿ ಹಾಕಿ. ಫಾರ್ಮಲಿನ್ ಮಾತ್ರ ಹತ್ತಿರ ಸುಳಿಯದಿರಲಿ. ಅಂಗರಚನೆ ನೋಡಲು ಅದು ಒಳ್ಳೆಯದೇ, ಆದರೆ ಡಿಎನ್‌ಎಯನ್ನು ಪ್ರೋಟೀನಿನ ಜೊತೆ ಬೆಸೆದು ಹಾಳುಮಾಡುತ್ತದೆ.

ಉಬ್ಬಿದ ಹೊಟ್ಟೆಗೆ ಚಾಕು ಹಾಕಬೇಡಿ, ಒಳಗೆ ಅನಿಲ ತುಂಬಿ ಸಿಡಿಯಬಹುದು. ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದಂಥ ಸೋಂಕುಗಳೂ ಮನುಷ್ಯರಿಗೆ ದಾಟುತ್ತವೆ. ಗಾಳಿ ಬರುವ ದಿಕ್ಕಿಗೆ ಬೆನ್ನು ಹಾಕಿ ನಿಲ್ಲಿ.

ಕತ್ತರಿಸುವ ಮುನ್ನ ಫೋಟೋ: ಇಡೀ ದೇಹ, ತಲೆ, ಬೆನ್ನಿನ ರೆಕ್ಕೆ, ಬಾಲ, ಹೊಟ್ಟೆಯ ಕೆಳಭಾಗ, ಪಕ್ಕದಲ್ಲಿ ಅಳತೆಪಟ್ಟಿ. ಬ್ರೈಡ್ ತಿಮಿಂಗಿಲವಾದರೆ ತಲೆಯ ಮೇಲೆ ಉದ್ದಕ್ಕೆ ಮೂರು ಏಣು ಕಾಣುತ್ತವೆ. ಡಾಲ್ಫಿನ್ನನ್ನು ಹೋಲುವ ಚಿಕ್ಕ ಫಿನ್‌ಲೆಸ್ ಪೋರ್ಪಾಯ್ಸ್‌ಗೆ ಬೆನ್ನಿನ ರೆಕ್ಕೆಯೇ ಇರುವುದಿಲ್ಲ. ಉದ್ದವನ್ನು ಮೈಯ ಉಬ್ಬುತಗ್ಗಿನ ಮೇಲೆ ಅಳೆಯದೆ, ಪಕ್ಕದ ಮರಳಿನ ಮೇಲೆ ನೇರವಾಗಿ, ಮೇಲ್ದವಡೆಯ ತುದಿಯಿಂದ ಬಾಲದ ನಡುಸೀಳಿನವರೆಗೆ ಅಳೆಯಿರಿ.

ಈಗ ಮಾದರಿ. ಬಿಸಿಲು ಬೀಳದ, ಮರಳಿಗೆ ಒತ್ತಿಕೊಂಡ ಮಗ್ಗುಲಿನ ಚರ್ಮ ಆರಿಸಿ. ಮೇಲಿನದು ಸುಲಿದು ಬೆಂದಂತಾಗಿರುತ್ತದೆ. ಒಂದು ಸೆಂಟಿಮೀಟರ್ ಘನದಷ್ಟು ಕೊಯ್ದು, ಅಡಿಯ ಬಿಳಿ ಕೊಬ್ಬನ್ನು ಆದಷ್ಟು ತೆಗೆದುಹಾಕಿ, ಉಳಿದದ್ದನ್ನು ಮೂರು ನಾಲ್ಕು ತೆಳು ಹೋಳು ಮಾಡಿ. ದಪ್ಪ ತುಂಡು ಹಾಕಿದರೆ ಎಥನಾಲ್ ನಡುವಿಗೆ ಇಳಿಯುವ ಮೊದಲೇ ಒಳಗಿನಿಂದ ಕೊಳೆಯುತ್ತದೆ. ಅಂಗಾಂಶ ಒಂದು ಪಾಲಾದರೆ ಎಥನಾಲ್ ಕನಿಷ್ಠ ಐದು ಪಾಲು ಇರಲಿ. ಅಂಗಾಂಶದ ನೀರು ಸೇರಿ ಎಥನಾಲ್ ತೆಳುವಾಗುವುದರಿಂದ ಮರುದಿನ ಅದನ್ನು ಬದಲಿಸಿ. ತೀರಾ ಕೊಳೆತಿದ್ದರೆ ಬೆನ್ನೆಲುಬಿನ ಪಕ್ಕದ ಆಳದ ಮಾಂಸ, ಅದೂ ಆಗದಿದ್ದರೆ ಹಲ್ಲು ಅಥವಾ ಎಲುಬು. ಇನ್ನೊಂದು ಪ್ರಾಣಿಯನ್ನು ಮುಟ್ಟುವ ಮೊದಲು ಬ್ಲೇಡ್, ಕೈಗವಸು ಎರಡನ್ನೂ ಬದಲಿಸಿ. ಪ್ರತಿ ಪ್ರಾಣಿಗೆ ಎರಡು ಟ್ಯೂಬ್.

ಈ ಚೂರುಗಳನ್ನೆಲ್ಲ ಒಟ್ಟುಹಾಕಿದಾಗ ಎಡವುವ ಜಾಗಗಳು ಬೇರೆಯೇ. ಮೈಟೋಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಹೆಣ್ಣುಗಳು ಹುಟ್ಟಿದ ಕಡಲಲ್ಲೇ ಉಳಿದು ಗಂಡುಗಳು ತಿರುಗಾಡುತ್ತಿದ್ದರೆ, ಅದೊಂದನ್ನೇ ನೋಡಿದವರು ಎರಡು ಬೇರೆ ಗುಂಪು ಎನ್ನುತ್ತಾರೆ. ತಂದೆ–ತಾಯಿ ಇಬ್ಬರಿಂದಲೂ ಬರುವ ಕೋಶಕೇಂದ್ರದ ಡಿಎನ್‌ಎ ಒಂದೇ ಗುಂಪು ಎನ್ನುತ್ತದೆ. ಎರಡನ್ನೂ ನೋಡಲೇಬೇಕು. ತಾಯಿ–ಮರಿ ಒಟ್ಟಿಗೆ ಬಿದ್ದಿದ್ದರೆ ಇಬ್ಬರ ಮಾದರಿಯನ್ನೂ ತೆಗೆಯಿರಿ, ಗುಂಪಿನ ಲೆಕ್ಕಕ್ಕೆ ಒಂದನ್ನೇ ಹಿಡಿಯಿರಿ. ಇಲ್ಲದಿದ್ದರೆ ಆ ಕುಟುಂಬವೇ ಒಂದು ಗುಂಪಿನಂತೆ ಕಂಡೀತು. ಹೆಣ ಸಿಕ್ಕ ಜಾಗ ಪ್ರಾಣಿ ಬದುಕಿದ ಜಾಗವಲ್ಲ ಎಂಬುದನ್ನೂ ಮರೆಯಬೇಡಿ. ಗಾಳಿ, ಕಡಲ ಪ್ರವಾಹ ಎಲ್ಲಿಂದಲೋ ತಂದು ಹಾಕಿರುತ್ತವೆ. ಮಲ್ಪೆಯದೆಂದು ಬರೆಯುವಾಗ ಕೊಳೆತ ಹಂತವನ್ನೂ ಬರೆದರೆ ಎಷ್ಟು ದಿನ ತೇಲಿತ್ತೆಂದು ಅಂದಾಜು ಮಾಡಬಹುದು.

ಇಷ್ಟೆಲ್ಲ ಯಾಕೆ ಎಂದರೆ ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್ ತಿಮಿಂಗಿಲಗಳನ್ನು ನೋಡಿ. ಒಮಾನಿನ ಬಳಿ ಇವುಗಳ ಅಂದಾಜು ನೂರಕ್ಕೂ ಕಡಿಮೆ. ಬೇರೆ ಹಂಪ್‌ಬ್ಯಾಕ್‌ಗಳಂತೆ ಧ್ರುವದ ಕಡೆ ವಲಸೆ ಹೋಗದೆ ಇಲ್ಲೇ ಉಳಿಯುತ್ತವೆ. ಸುಮಾರು 70,000 ವರ್ಷಗಳಿಂದ ಬೇರೆಯಾಗಿ ಉಳಿದಿವೆ ಎಂದು ಹೇಳಿದ್ದು ಇಂಥದೇ ಚರ್ಮದ ಚೂರುಗಳು. ಹೊರಗಿನಿಂದ ಹೊಸ ರಕ್ತ ಬಾರದ ಗುಂಪಿನಲ್ಲಿ ಬಲೆಗೆ ಸಿಕ್ಕು ಸತ್ತ ಒಂದೊಂದೂ ತುಂಬಲಾರದ ನಷ್ಟ. ನಮ್ಮ ದಡಕ್ಕೆ ಅಂಥದ್ದೊಂದು ಬಂದರೆ ಆ ಟ್ಯೂಬಿಗೆ ಬೆಲೆ ಕಟ್ಟಲಾಗದು.

ಉಡುಪಿಯೊಂದರಲ್ಲೇ ಸಾಕಷ್ಟು ಮಾದರಿ ಒಂದೆರಡು ವರ್ಷದಲ್ಲಿ ಸೇರದು. ಕಾಸರಗೋಡು, ಗೋವಾದವರ ಜೊತೆ ಕೂಡಿಸಬೇಕು. ಆದರೆ ಮೈಕ್ರೋಸ್ಯಾಟಲೈಟ್ (ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ತುಣುಕುಗಳ ಸಾಲು) ಅಳತೆಗಳು ಯಂತ್ರದಿಂದ ಯಂತ್ರಕ್ಕೆ ಒಂದೆರಡು ಅಂಕಿ ಆಚೀಚೆ ಆಗುತ್ತವೆ, ನೇರವಾಗಿ ಬೆರೆಸಿದರೆ ಇಲ್ಲದ ಗುಂಪುಗಳು ಹುಟ್ಟಿಕೊಳ್ಳುತ್ತವೆ. ಆದ್ದರಿಂದ ಕೆಲವು ಮಾದರಿಗಳನ್ನು ಎಲ್ಲ ಪ್ರಯೋಗಾಲಯಗಳಲ್ಲೂ ಓಡಿಸಿ ಹೊಂದಿಸಿಕೊಳ್ಳಿ. ಎರಡನೇ ಟ್ಯೂಬನ್ನು ಬೇರೆ ಸಂಸ್ಥೆಯ ಫ್ರೀಜರಿನಲ್ಲಿ ಇಡಿ: ಮಳೆಗಾಲದಲ್ಲಿ ಕರೆಂಟು ಹೋದಾಗ ಎರಡೂ ಒಂದೇ ಕಡೆ ಇರಬಾರದು.