ಡ್ಯೂಟಿ ನಡುವೆಯೇ ಕಲಿಯುವುದು ಹೇಗೆ? ಸೂಲಗಿತ್ತಿಯರಿಗೆ ಒಂದಿಷ್ಟು ದಾರಿ

ಗರ್ಭಕೋಶದ ಬಾಯಿ 4 ಸೆಂ.ಮೀ. ತೆರೆದರೆ ಹೆರಿಗೆ ಚುರುಕಾಗುವ ಹಂತ ಶುರು ಎಂದು ಓದಿದವರು ನೀವಾಗಿದ್ದರೆ, ಆ ಲೆಕ್ಕ ಈಗ ಹಳೆಯದು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು 5 ಸೆಂ.ಮೀ. ಎಂದಿತು. ಒಂದೇ ಸೆಂಟಿಮೀಟರ್ ಅಲ್ವಾ ಅನ್ನಿಸಬಹುದು. ಆದರೆ ‘ಹೆರಿಗೆ ನಿಧಾನವಾಯಿತು’ ಎಂದು ನೋವು ಹೆಚ್ಚಿಸುವ ಡ್ರಿಪ್ ಹಾಕಬೇಕೋ, ಇನ್ನೂ ಕಾಯಬೇಕೋ ಎಂಬುದಕ್ಕೆ ಈ ಲೆಕ್ಕವೇ ಆಧಾರ. ಕೆಲಸಕ್ಕೆ ಸೇರಿದ ಮೇಲೂ ಕಲಿಯಬೇಕಾದ್ದು ಇದಕ್ಕೇ.

ಕೋರ್ಸ್‌ಗಳ ಪಟ್ಟಿಯನ್ನು ಮೊದಲೇ ತೆರೆಯಬೇಡಿ. ಇತ್ತೀಚೆಗೆ ನಿಮ್ಮ ಕೈ ನಡುಗಿಸಿದ ಹೆರಿಗೆ ಯಾವುದು? ಮಗುವಿನ ತಲೆ ಹೊರಬಂದು ಭುಜ ಸಿಕ್ಕಿಕೊಂಡದ್ದೋ, ಕಸ (ಮಾಸು) ಬೀಳದೆ ಉಳಿದದ್ದೋ? ಆಗ ಏನು ತೋಚಲಿಲ್ಲ ಎಂದು ನಾಲ್ಕು ಸಾಲು ಬರೆಯಿರಿ. ತಾಯಿಯ ಹೆಸರು ಬೇಡ. ನಿಮಗೆ ಬೇಕಾದ ತರಬೇತಿ ಅದೇ. ಗೊತ್ತಿರುವ ವಿಷಯಕ್ಕೇ ಸುಮ್ನೆ ಹೋಗಿ ಕೂತು ಬಂದರೆ ಫೈಲು ದಪ್ಪವಾಗುತ್ತದೆ, ಅಷ್ಟೆ.

ನೋಂದಣಿ ನವೀಕರಿಸಲು ನಿಮ್ಮ ನೋಂದಣಿ ಮಂಡಳಿ ಎಷ್ಟು ಗಂಟೆ ಕಲಿಕೆ ಕೇಳುತ್ತದೆ ಎಂದೂ ನೋಡಿಕೊಳ್ಳಿ. ಬ್ರಿಟನ್ನಿನಲ್ಲಿ 3 ವರ್ಷಕ್ಕೆ 35 ಗಂಟೆ. ಅದರಲ್ಲಿ 20 ಗಂಟೆ ಬೇರೆಯವರ ಜತೆ ಸೇರಿ ಕಲಿತಿರಬೇಕು. ತರಬೇತಿಗೆ ಬೇಕಾದ ರಜೆಯನ್ನು ಡ್ಯೂಟಿ ಪಟ್ಟಿ ಸಿದ್ಧವಾಗುವ ಮುಂಚೆಯೇ ಕೇಳಿ. ಆಮೇಲೆ ಕೇಳಿದರೆ ನಿಮ್ಮ ಜಾಗಕ್ಕೆ ಯಾರೂ ಸಿಗುವುದಿಲ್ಲ.

ಇನ್ನು ಮುಖ್ಯವಾದದ್ದು, ವಾರ್ಡಿನಲ್ಲೇ ಮಾಡುವ ಡ್ರಿಲ್, ಅಂದರೆ ತುರ್ತು ಸಂದರ್ಭದ ಅಣಕು ಅಭ್ಯಾಸ. ವರ್ಷಕ್ಕೊಮ್ಮೆ ಇಡೀ ದಿನ ಕೂರುವುದಕ್ಕಿಂತ ಆಗಾಗ 15 ನಿಮಿಷ ಕೈಯಾಡಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಶಿಫ್ಟ್ ಬದಲಾಗುವ ಹೊತ್ತು ಒಳ್ಳೆಯದು, ಎರಡು ತಂಡವೂ ಇರುತ್ತದೆ. ಡಾಕ್ಟರನ್ನೂ ಆಯಾಳನ್ನೂ ಸೇರಿಸಿಕೊಳ್ಳಿ. ಒಬ್ಬರು ಬಾಣಂತಿಯಾಗಲಿ. ರಕ್ತಸ್ರಾವ ಜಾಸ್ತಿಯಾಗಿದೆ ಎಂದುಕೊಳ್ಳಿ. ಸಹಾಯಕ್ಕೆ ಕೂಗುವವರು ಯಾರು? ಹೊಟ್ಟೆಯ ಮೇಲಿಂದ ಗರ್ಭಕೋಶ ಉಜ್ಜುವವರು ಯಾರು? ಗರ್ಭಕೋಶವನ್ನು ಬಿಗಿಯಾಗಿಸುವ ಆಕ್ಸಿಟೋಸಿನ್ ಇಟ್ಟ ಫ್ರಿಜ್ಜಿನ ಬೀಗದ ಕೈ ಯಾರ ಹತ್ತಿರ ಇದೆ? ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಅನ್ನು ಹೆರಿಗೆಯಾದ 3 ಗಂಟೆಯೊಳಗೇ ಕೊಡಬೇಕು ಎಂಬುದು ಎಲ್ಲರಿಗೂ ನೆನಪಿದೆಯೇ? ಇನ್ನೊಂದು ದಿನ ಗೊಂಬೆ ಇಟ್ಟುಕೊಂಡು, ಉಸಿರಾಡದ ಮಗುವಿಗೆ ಹುಟ್ಟಿದ ಒಂದು ನಿಮಿಷದೊಳಗೆ ಬ್ಯಾಗ್ ಮತ್ತು ಮಾಸ್ಕ್‌ನಿಂದ ಗಾಳಿ ಕೊಡಲು ಆಗುತ್ತದೆಯೇ ಎಂದು ಗಡಿಯಾರ ಹಿಡಿದು ನೋಡಿ. ತಪ್ಪಿದವರನ್ನು ಬಯ್ಯಬೇಡಿ. ಬೈದರೆ ಮುಂದಿನ ಸಲ ಯಾರೂ ಬರುವುದಿಲ್ಲ.

ಮುಗಿದ ದಿನವೇ ತಾರೀಕು, ಎಷ್ಟು ಹೊತ್ತು, ಏನು ಬದಲಾಯಿಸಿಕೊಂಡಿರಿ ಎಂದು ಡೈರಿಯಲ್ಲಿ ಬರೆದಿಡಿ. ನವೀಕರಣದ ಹೊತ್ತಿಗೆ ಹುಡುಕಾಡುವುದು ತಪ್ಪುತ್ತದೆ.