ನಶೆ–ಹೊಡೆದಾಟ ತಡೆಯಲು ಪಂಚಾಯಿತಿ ದುಡ್ಡು: ಕ್ರಿಯಾಯೋಜನೆಗೆ ಸೇರಿಸುವುದು ಹೇಗೆ?

ಜೂನ್ 26 ಬಂತೆಂದರೆ ಊರೂರಲ್ಲೂ ಮಾದಕ ವಸ್ತು ವಿರೋಧಿ ಜಾಥಾ. ಒಂದು ಫ್ಲೆಕ್ಸ್, ಒಂದು ಗಂಟೆ ಭಾಷಣ, ಪ್ರತಿಜ್ಞೆ, ಬಿಸ್ಕತ್ತು. ಸಂಜೆಯ ಹೊತ್ತಿಗೆ ವೋಚರ್ ತಯಾರು. ವರ್ಷದ ದುಡ್ಡು ಅಲ್ಲಿಗೇ ಮುಗಿಯುತ್ತದೆ. ಗ್ರಾಮ ಪಂಚಾಯಿತಿಗೆ ಈ ಕೆಲಸಕ್ಕೆ ಹಣ ಇಡುವ ಅವಕಾಶ ಇದೆ. ಕೇಳುವವರು ಕೇಳಬೇಕಾದ ರೀತಿಯಲ್ಲಿ ಕೇಳದೇ ಇರುವುದರಿಂದ ಅದು ಜಾಥಾಕ್ಕೆ ಹೋಗುತ್ತದೆ. ಯುವಕ ಸಂಘ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ), ಸ್ತ್ರೀಶಕ್ತಿ ಗುಂಪು, ಯಾರೇ ಆಗಲಿ, ಹೀಗೆ ಮುಂದುವರಿಯಿರಿ.

1. ಮೊದಲು ಊರಿನ ಸ್ಥಿತಿ ತಿಳಿಯಿರಿ

‘ಯುವಜನರು ಹಾಳಾಗುತ್ತಿದ್ದಾರೆ’ ಎಂಬ ಅರ್ಜಿಗೆ ಯಾರೂ ದುಡ್ಡು ಇಡುವುದಿಲ್ಲ. ಏನು, ಎಲ್ಲಿ, ಯಾವ ವಯಸ್ಸಿನವರು ಎಂಬುದು ಬೇಕು. ಗುಟ್ಕಾವೋ, ಗಾಂಜಾವೋ, ಪಂಕ್ಚರ್ ಸಲ್ಯೂಷನ್ ಮೂಸುವುದೋ? ಹೊಡೆದಾಟ ಜಾತ್ರೆ–ಗಣೇಶೋತ್ಸವದ ಹೊತ್ತಿನದ್ದೋ, ಬಸ್ ನಿಲ್ದಾಣದಲ್ಲಿ ಕಾಲೇಜು ಹುಡುಗರ ಗುಂಪಿನದ್ದೋ? ಮುಖ್ಯ ಶಿಕ್ಷಕರು, ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಬೀಟ್ ಪೊಲೀಸ್, ಅರಿವು ಕೇಂದ್ರದ (ಪಂಚಾಯಿತಿ ಗ್ರಂಥಾಲಯ) ಮೇಲ್ವಿಚಾರಕರು: ಈ ಐವರನ್ನು ಕೇಳಿದರೆ ಮುಕ್ಕಾಲು ಪಾಲು ಚಿತ್ರ ಸಿಗುತ್ತದೆ. ಶಾಲೆ ಬಿಟ್ಟವರ ಸಂಖ್ಯೆಯನ್ನೂ ಪಡೆಯಿರಿ.

ಸಂಖ್ಯೆ ಮಾತ್ರ, ಹೆಸರು ಬೇಡ. ‘ಇಂಥವರ ಮಗ ಗಾಂಜಾ ಸೇದುತ್ತಾನೆ’ ಎಂದು ಪಟ್ಟಿ ಮಾಡಿ ಪಂಚಾಯಿತಿ ಕಡತಕ್ಕೆ ಸೇರಿಸಿದರೆ ಆ ಮನೆಯವರು ಮತ್ತೆ ನಿಮ್ಮ ಹತ್ತಿರ ಸುಳಿಯುವುದಿಲ್ಲ. ಬಾಲ ನ್ಯಾಯ ಕಾಯ್ದೆಯಡಿ ಮಕ್ಕಳ ಗುರುತು ಬಯಲು ಮಾಡುವುದು ಅಪರಾಧವೂ ಹೌದು.

2. ಸಭೆಯ ನಡಾವಳಿಯಲ್ಲಿ ಬರಲಿ

ಮಕ್ಕಳ ಗ್ರಾಮ ಸಭೆ, ವಾರ್ಡ್ ಸಭೆ, ಗ್ರಾಮ ಸಭೆ ಮೂರರಲ್ಲೂ ವಿಷಯ ಬರಲಿ. ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಅಲ್ಲೇ ಓದಿಸಿಕೊಳ್ಳಿ. ಮುಂದಿನ ವರ್ಷದ ಕ್ರಿಯಾಯೋಜನೆ, ಅಂದರೆ ಯಾವ ಕೆಲಸಕ್ಕೆ ಎಷ್ಟು ಹಣ ಎಂಬ ಪಟ್ಟಿಯ ತಯಾರಿ ಅಕ್ಟೋಬರ್ 2ರಿಂದ ಶುರು. ಫೆಬ್ರುವರಿಯಲ್ಲಿ ಎಚ್ಚೆತ್ತರೆ ಚರಂಡಿ, ಸಿಸಿ ರಸ್ತೆಗಳು ಆಗಲೇ ಸಾಲಾಗಿ ಕೂತಿರುತ್ತವೆ.

3. ಬಾಬ್ತು ಬಿಡಿಸಿ ಬರೆಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ‘ಮಾದಕ ವ್ಯಸನ ಜಾಗೃತಿ: ₹50,000’ ಎಂದು ಒಂದು ಸಾಲು ಬರೆದು ಬಿಡುತ್ತಾರೆ. ಆ ಸಾಲಿಗೆ ಎಂಜಿನಿಯರ್ ಅಂದಾಜು ಪಟ್ಟಿ ಇಲ್ಲ, ಅಳತೆ ಇಲ್ಲ. ಹಣ ಕಡಿಮೆ ಬಿದ್ದಾಗ ಮೊದಲು ಹೊಡೆದುಹಾಕುವುದು ಅದನ್ನೇ. ಉಳಿದುಕೊಂಡರೂ ಆ ಹಣದಲ್ಲಿ ಬರುವುದು ಫ್ಲೆಕ್ಸು, ಟೋಪಿ, ಟೀ ಶರ್ಟು.

ಬರೆಯುವ ಮುನ್ನ ಯಾವುದು ಕೆಲಸ ಮಾಡುತ್ತದೆ ಎಂಬುದು ಗೊತ್ತಿರಲಿ. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ 2013ರಲ್ಲಿ ಪ್ರಕಟಿಸಿ 2018ರಲ್ಲಿ ಪರಿಷ್ಕರಿಸಿದ ಮಾನದಂಡಗಳ ಪ್ರಕಾರ ಬರೀ ಭಾಷಣ, ಹೆದರಿಸುವ ಚಿತ್ರ, ವ್ಯಸನ ಬಿಟ್ಟವರ ಆತ್ಮಕಥನ ಇವುಗಳಿಂದ ತಡೆ ಆಗುವುದಿಲ್ಲ. ಪೊಲೀಸರಿಂದ ಪಾಠ ಮಾಡಿಸುವುದೂ ಅದೇ ಪಟ್ಟಿಯಲ್ಲಿದೆ. ಫಲ ಕೊಡುವುದು ತರಬೇತಾದವರು ವಾರಕ್ಕೊಂದರಂತೆ ನಡೆಸುವ 10ರಿಂದ 15 ಚಟುವಟಿಕೆ ತರಗತಿಗಳು: ಗೆಳೆಯರು ಒತ್ತಾಯಿಸಿದಾಗ ‘ಬೇಡ’ ಎನ್ನುವುದು, ಸಿಟ್ಟು ಬಂದಾಗ ಕೈ ಎತ್ತದಿರುವುದು, ತೊಂದರೆ ಹೇಳಿಕೊಳ್ಳುವುದು. ನಶೆಗೂ ಹೊಡೆದಾಟಕ್ಕೂ ಇದೇ ತರಗತಿ ಸಾಕು, ಎರಡು ಯೋಜನೆ ಬೇಡ.

ಇದನ್ನು ಬಾಬ್ತಿಗೆ ಇಳಿಸುವುದು ಹೀಗೆ. ಪ್ರೌಢಶಾಲೆಯ ತಲಾ 30 ಮಕ್ಕಳ ಎರಡು ತಂಡ, ತಂಡಕ್ಕೆ 12 ತರಗತಿ ಎಂದುಕೊಳ್ಳಿ. ಒಟ್ಟು 24 ತರಗತಿ. ಪಾಠ ನಡೆಸುವ ಸಂಪನ್ಮೂಲ ವ್ಯಕ್ತಿಗೆ ತರಗತಿಗೆ ₹800 ಗೌರವಧನವಾದರೆ ₹19,200. ಓಡಾಟಕ್ಕೆ ₹150ರಂತೆ ₹3,600. ತರಗತಿ ನಡೆಸುವ ನಾಲ್ವರಿಗೆ ಮೂರು ದಿನದ ತರಬೇತಿ, ಊಟ–ಪ್ರಯಾಣಕ್ಕೆ ದಿನಕ್ಕೆ ತಲಾ ₹500ರಂತೆ ₹6,000. ಅಭ್ಯಾಸ ಪುಸ್ತಕ 60 ಪ್ರತಿ, ₹60ರಂತೆ ₹3,600. ಉಪಾಹಾರ ಮಗುವಿಗೆ ₹15ರಂತೆ 12 ಸಲ, ₹10,800. ನಾಲ್ಕು ಪೋಷಕರ ಸಭೆ, ತಲಾ ₹2,500ರಂತೆ ₹10,000. ಸಂಜೆ ಆಟಕ್ಕೆ ತರಬೇತುದಾರರಿಗೆ ಆರು ತಿಂಗಳು ₹3,000ರಂತೆ ₹18,000, ಚೆಂಡು–ಬಲೆಗೆ ₹8,000. ಮೊದಲ–ಕೊನೆಯ ತರಗತಿಯಲ್ಲಿ ತುಂಬಿಸುವ ಪ್ರಶ್ನಾವಳಿಯ ಮುದ್ರಣ ₹1,500. ಒಟ್ಟು ₹80,700. ಇದು ಲೆಕ್ಕ ಹಾಕುವ ಮಾದರಿಯಷ್ಟೇ. ದರ ನಿಮ್ಮ ತಾಲ್ಲೂಕಿನದು ಹಾಕಿಕೊಳ್ಳಿ. ಹೀಗೆ ಬರೆದ ಪಟ್ಟಿಯಲ್ಲಿ ಸದಸ್ಯರು ಒಂದೆರಡು ಬಾಬ್ತು ಕಡಿತ ಮಾಡಬಹುದು, ಇಡೀ ಯೋಜನೆಯನ್ನು ಕೈಬಿಡುವುದು ಕಷ್ಟ.

ಕಡಿತ ಬಂದರೆ ಚೆಂಡು–ಬಲೆ ಬಿಡಿ, ಬೇಕಾದರೆ ದಾನಿಗಳು ಸಿಗುತ್ತಾರೆ. ತರಬೇತಿಯ ₹6,000 ಮಾತ್ರ ಬಿಡಬೇಡಿ. ತರಬೇತಿ ಇಲ್ಲದವರು ಮೂರನೇ ವಾರಕ್ಕೇ ಭಾಷಣಕ್ಕೆ ಇಳಿಯುತ್ತಾರೆ. ಉಪಾಹಾರವನ್ನೂ ಉಳಿಸಿ. ಸಂಜೆ ನಾಲ್ಕೂವರೆಗೆ ಹಸಿದ ಮಕ್ಕಳನ್ನು ಕೂರಿಸಿದರೆ ಹಾಜರಾತಿ ಅರ್ಧಕ್ಕೆ ಬರುತ್ತದೆ.

ಪಠ್ಯಕ್ಕೆ ಖಾಸಗಿಯವರಿಗೆ ದುಡ್ಡು ಕೊಡಬೇಕಿಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ‘ನವಚೇತನಾ’ ಪಠ್ಯ ಶಾಲಾ ಮಕ್ಕಳಿಗಾಗಿಯೇ ಇದೆ. ತರಬೇತಿಗೆ, ಸಂಪನ್ಮೂಲ ವ್ಯಕ್ತಿಗಳಿಗೆ ರಾಜ್ಯ ಯುವ ಸಬಲೀಕರಣ ಇಲಾಖೆ ಮತ್ತು ನಿಮ್ಹಾನ್ಸ್‌ನ ‘ಯುವ ಸ್ಪಂದನ’ ಕೇಂದ್ರವನ್ನು ಕೇಳಿ.

ಮಾರಾಟಗಾರರು ತರುವ ಮೂತ್ರ ಪರೀಕ್ಷೆಯ ಕಿಟ್ ಬೇಡವೇ ಬೇಡ. ಶಾಲೆಯಲ್ಲಿ ಹಠಾತ್ ಪರೀಕ್ಷೆಯಿಂದ ವ್ಯಸನ ಕಡಿಮೆಯಾಗುತ್ತದೆ ಎನ್ನಲು ಆಧಾರವಿಲ್ಲ. ಕೆಲವು ಸಾಮಾನ್ಯ ಔಷಧಿಗೂ ತಪ್ಪು ಫಲಿತಾಂಶ ತೋರಿಸುತ್ತದೆ, ಒಂದು ಮಗುವಿನ ಮಾನ ಹೋಗುತ್ತದೆ. ‘ಉಚಿತ ಶಿಬಿರ’ ಮಾಡುತ್ತೇವೆಂದು ಬರುವ ಖಾಸಗಿ ವ್ಯಸನಮುಕ್ತಿ ಕೇಂದ್ರದವರನ್ನೂ, 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಆಗಿದೆಯೇ ಎಂದು ಕೇಳಿದ ಮೇಲೆಯೇ ಒಳಗೆ ಬಿಡಿ.

4. ಯಾವ ನಿಧಿಗೆ ಯಾವ ಬಾಬ್ತು

ಹಣಕಾಸು ಆಯೋಗದ ಅನುದಾನದ ಮೇಲೆ ಎಲ್ಲರ ಕಣ್ಣು. 15ನೇ ಆಯೋಗದ 2021–26ರ ಅನುದಾನದಲ್ಲಿ ಶೇ 60 ನೀರು–ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು. ಉಳಿದ ಶೇ 40 ಮುಕ್ತ ನಿಧಿ, ಅದರಲ್ಲೂ ಸಂಬಳ ಮತ್ತು ಸಿಬ್ಬಂದಿ ವೆಚ್ಚ ಮಾಡುವಂತಿರಲಿಲ್ಲ. ಗೌರವಧನವನ್ನು ಅಲ್ಲಿ ತೋರಿಸಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುವ ಸಂಭವವಿದೆ. ಆದ್ದರಿಂದ ಗೌರವಧನ, ಉಪಾಹಾರ, ಓಡಾಟ ಇವೆಲ್ಲ ಕಂದಾಯ ವಸೂಲಿಯ ಸ್ವಂತ ಸಂಪನ್ಮೂಲದಿಂದ. ಆಟದ ಸಾಮಗ್ರಿ, ಅರಿವು ಕೇಂದ್ರದ ಮೇಜು–ಕುರ್ಚಿಯಂಥವು ಮುಕ್ತ ನಿಧಿಯಿಂದ. ಆಯೋಗದ ಅವಧಿ ಬದಲಾದಾಗ ಷರತ್ತೂ ಬದಲಾಗುತ್ತದೆ, ಆ ವರ್ಷದ ಮಾರ್ಗಸೂಚಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬಳಿ ಕೇಳಿ ಓದಿ. ಪಂಚಾಯಿತಿ ಯೋಜನೆ–ಲೆಕ್ಕದ ಜಾಲತಾಣ ಇ–ಗ್ರಾಮ್ ಸ್ವರಾಜ್‌ನಲ್ಲಿ ಚಟುವಟಿಕೆ ದಾಖಲಿಸುವಾಗ ‘ಮಕ್ಕಳ ಸ್ನೇಹಿ ಗ್ರಾಮ’ ಅಥವಾ ‘ಆರೋಗ್ಯವಂತ ಗ್ರಾಮ’ದ ಕೆಳಗೆ ಹಾಕಿಸಿ.

ವಸೂಲಿ ಕಡಿಮೆ ಇರುವ ಪಂಚಾಯಿತಿಯಲ್ಲಿ ಇಡೀ ಮೊತ್ತ ಕೇಳಬೇಡಿ. ಒಂದೇ ತಂಡದಿಂದ ಶುರುವಾಗಲಿ. ತರಗತಿಯ ಸಂಖ್ಯೆ ಮಾತ್ರ 12ಕ್ಕಿಂತ ಇಳಿಸಬೇಡಿ.

5. ದುಡ್ಡಿಲ್ಲದೆ ಆಗುವ ಕೆಲಸ

ಅಂಗಡಿ ಪರವಾನಗಿ ಕೊಡುವುದು ಪಂಚಾಯಿತಿಯೇ. ತಂಬಾಕು ನಿಯಂತ್ರಣ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿಯ ಬಳಿಕ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ಶಾಲೆಯ 100 ಮೀಟರ್ ಒಳಗೂ ಮಾರುವಂತಿಲ್ಲ. ಮಗುವಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟವರಿಗೆ ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 77ರಲ್ಲಿ ಏಳು ವರ್ಷದವರೆಗೆ ಜೈಲು. ಶಾಲೆ ಪಕ್ಕದ ಗೂಡಂಗಡಿ ವಿಚಾರದಲ್ಲಿ ಒಂದು ಠರಾವು ಮಾಡಿಸಿದರೆ ಹತ್ತು ಫ್ಲೆಕ್ಸಿಗಿಂತ ಮೇಲು. 14446 (ವ್ಯಸನಮುಕ್ತಿ), 14416 (ಟೆಲಿ ಮನಸ್, ಮಾನಸಿಕ ಆರೋಗ್ಯ ಸಹಾಯವಾಣಿ), 1098 (ಮಕ್ಕಳ ಸಹಾಯವಾಣಿ) ಇವಿಷ್ಟನ್ನು ಗೋಡೆಗೆ ಬರೆಸಿ.

6. ನಡೆಸುವುದು, ಬಿಲ್ಲು ಮಾಡುವುದು

ತರಗತಿ ಜುಲೈ ಮೊದಲ ವಾರವೇ ಶುರುವಾಗಲಿ. ಆಗ ದಸರಾ ರಜೆಗೆ ಮುಂಚೆ 12 ವಾರ ಸಿಗುತ್ತದೆ. ರಜೆಯಲ್ಲಿ ತುಂಡಾದ ತಂಡ ಮತ್ತೆ ಕೂಡುವುದಿಲ್ಲ. ಪ್ರತಿ ತರಗತಿಗೆ ಹಾಜರಾತಿ ಹಾಳೆ, ಸಂಪನ್ಮೂಲ ವ್ಯಕ್ತಿಯ ಸಹಿ, ಮುಖ್ಯ ಶಿಕ್ಷಕರ ದೃಢೀಕರಣ ಅಂದೇ ಆಗಬೇಕು. ಡಿಸೆಂಬರ್‌ನಲ್ಲಿ ಕೂತು 24 ಹಾಳೆಗೆ ಒಂದೇ ಪೆನ್ನಿನಲ್ಲಿ ಸಹಿ ಹಾಕಿದ್ದು ಆಡಿಟರ್‌ಗೆ ದೂರದಿಂದಲೇ ಕಾಣುತ್ತದೆ. ಫೋಟೊ ತೆಗೆದರೆ ಮಕ್ಕಳ ಮುಖ ಬಾರದಂತೆ ಹಿಂದಿನಿಂದ ತೆಗೆಯಿರಿ. ಬಿಲ್ಲು ತಿಂಗಳಿಗೊಮ್ಮೆ ಕೊಡಿ. ಮಾರ್ಚ್‌ವರೆಗೆ ಇಟ್ಟರೆ ಡಿಜಿಟಲ್ ಸಹಿಯ ಅವಧಿ ಮುಗಿದಿದೆ, ಸರ್ವರ್ ಇಲ್ಲ, ಆಡಳಿತಾಧಿಕಾರಿ ಬದಲಾದರು, ಏನಾದರೊಂದು ಅಡ್ಡ ಬರುತ್ತದೆ.

ಮೊದಲ ಮತ್ತು ಕೊನೆಯ ತರಗತಿಯಲ್ಲಿ ಒಂದೇ ಪ್ರಶ್ನಾವಳಿ ತುಂಬಿಸಿ. ಹೆಸರಿಲ್ಲದ, ಹತ್ತು ಪ್ರಶ್ನೆಯ ಹಾಳೆ: ಕಳೆದ 30 ದಿನದಲ್ಲಿ ತಂಬಾಕು ಬಳಸಿದ್ದೀಯಾ, ಯಾರ ಮೇಲಾದರೂ ಕೈ ಮಾಡಿದ್ದೀಯಾ, ಕಷ್ಟ ಬಂದರೆ ಹೇಳಿಕೊಳ್ಳಲು ಒಬ್ಬ ದೊಡ್ಡವರಿದ್ದಾರಾ. ತುಂಬಿದ ಹಾಳೆ ಮುಚ್ಚಿದ ಡಬ್ಬಿಗೆ ಬೀಳಬೇಕು, ಮೇಷ್ಟ್ರ ಕೈಗೆ ಅಲ್ಲ. ಕೈಗೆ ಕೊಡುವುದಾದರೆ ಎಲ್ಲ ಉತ್ತರವೂ ‘ಇಲ್ಲ’ ಎಂದೇ ಬರುತ್ತದೆ.

ಸೆಪ್ಟೆಂಬರ್ ಕೊನೆಗೆ ತರಗತಿ ಮುಗಿದರೆ ಎರಡು ಪುಟದ ವರದಿ ಅಕ್ಟೋಬರ್‌ನ ಯೋಜನಾ ಸಭೆಗೆ ಸಿದ್ಧ ಇರುತ್ತದೆ. ಅದೇ ಸಭೆಯಲ್ಲಿ, ಕಲಿತದ್ದನ್ನು ನೆನಪಿಸುವ ಮರು ತರಗತಿಗೆ ಹಣ ಕೇಳಿ: ಅದೇ ಎರಡು ತಂಡಕ್ಕೆ ಮುಂದಿನ ವರ್ಷ ತಲಾ ನಾಲ್ಕು, ಗೌರವಧನ–ಓಡಾಟ ಸೇರಿ ₹7,600. ಇದು ಮುಂದಿನ ಆರ್ಥಿಕ ವರ್ಷದ ಬಾಬ್ತು, ಈ ವರ್ಷದ ಪಟ್ಟಿಯಲ್ಲಿ ಸೇರಿಸಿದರೆ ಮಾರ್ಚ್ 31ಕ್ಕೆ ಖರ್ಚಾಗದೆ ಉಳಿದುಬಿಡುತ್ತದೆ.