ಹೆಜಮಾಡಿ ಟೋಲ್‌ಗೇಟಿನವರೆಗೆ ಮೌನ

ಮಂಗಳೂರಿನಲ್ಲಿ ಸಿನಿಮಾ ನೋಡಿ ಉಡುಪಿಯ ಬಸ್ ಹತ್ತಿದರೆ, ಹೆಜಮಾಡಿ ಟೋಲ್‌ಗೇಟ್ ಬರುವವರೆಗೆ ನಾನು ಆ ಚಿತ್ರದ ಬಗ್ಗೆ ಯಾರೊಡನೆಯೂ ಮಾತನಾಡುವುದಿಲ್ಲ. ಮೊಬೈಲನ್ನು ಚೀಲದ ತಳಕ್ಕೆ ಹಾಕಿ, ನೂರು ಪುಟದ ಪುಸ್ತಕವೊಂದನ್ನು ತೊಡೆಯ ಮೇಲೆ ತೆರೆದಿಟ್ಟುಕೊಳ್ಳುತ್ತೇನೆ. ಸುರತ್ಕಲ್, ಮೂಲ್ಕಿ ದಾಟುವಷ್ಟರಲ್ಲಿ ಕಣ್ಣಿಗೆ ಕಟ್ಟಿದ್ದನ್ನು ಮಾತ್ರ ಬರೆಯುತ್ತೇನೆ: ಯಾರು ಎಲ್ಲಿ ನಿಂತಿದ್ದರು, ಯಾವ ಮಾತಿಗೆ ಜನ ನಕ್ಕರು, ಯಾವ ಹೊತ್ತಿನಲ್ಲಿ ನನ್ನ ಕಣ್ಣು ಗಡಿಯಾರದ ಕಡೆಗೆ ಹೋಯಿತು. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ತೀರ್ಪಿನ ಮಾತು ಟೋಲ್‌ಗೇಟ್ ದಾಟಿದ ಮೇಲೆ. ನಮ್ಮ ಎಕ್ಸ್‌ಪ್ರೆಸ್ ಬಸ್ಸುಗಳ ಬ್ರೇಕಿಗೆ ಅಕ್ಷರಗಳು ಅಂಕುಡೊಂಕಾಗುತ್ತವೆ. ಆದರೂ ಮನೆಯಲ್ಲಿ ಕುಳಿತು ನೀಟಾಗಿ ಬರೆದ ಪುಟಗಳಿಗಿಂತ ಆ ಪುಟಗಳ ಮೇಲೆಯೇ ನನಗೆ ನಂಬಿಕೆ ಹೆಚ್ಚು.

ಈ ಅಭ್ಯಾಸ ಶುರುವಾದದ್ದು 2022ರಲ್ಲಿ, ‘ಕಾಂತಾರ’ ನೋಡಿದ ಮೇಲೆ. ಚಿತ್ರಮಂದಿರದಿಂದ ಹೊರಬಂದಾಗ ಮೈಯೆಲ್ಲ ನಡುಗುತ್ತಿತ್ತು. ಸಿಕ್ಕಿದವರಿಗೆಲ್ಲ ನೋಡಿ ನೋಡಿ ಎಂದು ಹೇಳಿದೆ. ವಾರದ ಬಳಿಕ ಹುಬ್ಬಳ್ಳಿ ಕಡೆಯ ಸಹೋದ್ಯೋಗಿಯೊಬ್ಬರು ‘ಅದರಲ್ಲಿ ನಿಮಗೆ ಹಿಡಿಸಿದ್ದು ಏನು?’ ಎಂದು ಕೇಳಿದಾಗ, ಕೊನೆಯ ಇಪ್ಪತ್ತು ನಿಮಿಷ ಬಿಟ್ಟರೆ ನನ್ನ ಬಾಯಿಗೆ ಏನೂ ಬರಲಿಲ್ಲ. 1847, 1970, 1990 ಎಂದು ಮೂರು ಕಾಲಗಳನ್ನು ಹೆಣೆದ ಕಥೆ, ಭೂಮಿ ಯಾರದು ಎಂಬ ಜಗಳ, ಅರಣ್ಯ ಇಲಾಖೆಯವರೊಂದಿಗಿನ ತಿಕ್ಕಾಟ ಎಲ್ಲವೂ ಚಿತ್ರಮಂದಿರದ ಕೂಗಿನಲ್ಲಿ ಕೊಚ್ಚಿಕೊಂಡು ಹೋಗಿದ್ದವು. ಮರುದಿನವೇ ಪುಸ್ತಕ ಕೊಂಡೆ.

ಅದು ನನ್ನನ್ನು ಕಾಪಾಡಿದ್ದು 2025ರ ಅಕ್ಟೋಬರ್ 2ರಂದು ಬಿಡುಗಡೆಯಾದ ‘ಕಾಂತಾರ: ಅಧ್ಯಾಯ 1’ರ ವಿಷಯದಲ್ಲಿ. ಮೊದಲ ವಾರವೇ ಒಂದು ಚಿತ್ರಮಂದಿರದಲ್ಲಿ ನೋಡಿದೆ. ರಾತ್ರಿಯ ದೃಶ್ಯಗಳೆಲ್ಲ ಮಸಿ ಬಳಿದಂತೆ ಕಂಡವು. ‘ಛಾಯಾಗ್ರಹಣ ತೀರಾ ಕತ್ತಲು, ಮುಖಗಳೇ ಕಾಣುವುದಿಲ್ಲ’ ಎಂದು ಬರೆಯಲು ಹೊರಟವನು ಪುಟದ ಮೇಲ್ಭಾಗ ನೋಡಿದೆ. ಚಿತ್ರ ಶುರುವಾಗುವ ಮೊದಲು ತಂಬಾಕಿನ ಎಚ್ಚರಿಕೆಯ ಬಿಳಿ ಅಕ್ಷರಗಳು ಬೂದಿಯ ಬಣ್ಣದಲ್ಲಿ ಕಂಡವೆಂದು ನಾನೇ ಗುರುತು ಹಾಕಿಕೊಂಡಿದ್ದೆ. ಅಂದರೆ ದೋಷ ಪ್ರೊಜೆಕ್ಟರಿನದು. ಹಳೆಯದಾದ ದೀಪವನ್ನು ಬದಲಿಸದಿದ್ದರೂ, ತ್ರೀಡಿ ಲೆನ್ಸ್ ತೆಗೆಯದೆ ಸಾಮಾನ್ಯ ಚಿತ್ರ ಓಡಿಸಿದರೂ ಪರದೆ ಹೀಗೆಯೇ ಮಂಕಾಗುತ್ತದೆ. ಹತ್ತು ದಿನ ಬಿಟ್ಟು ಬೇರೆ ಕಡೆ ನೋಡಿದೆ. ಅರವಿಂದ್ ಎಸ್. ಕಶ್ಯಪ್ ಅವರ ಕ್ಯಾಮೆರಾ ಹಿಡಿದ ಅದೇ ಕತ್ತಲಿನಲ್ಲಿ ಈ ಬಾರಿ ಹಣೆಯ ಬೆವರೂ ಹೊಳೆಯುತ್ತಿತ್ತು. ಒಬ್ಬ ಕಲಾವಿದನ ವರ್ಷಗಳ ದುಡಿಮೆಯನ್ನು ಯಾರದೋ ಉದಾಸೀನದ ಲೆಕ್ಕಕ್ಕೆ ಸೇರಿಸಿ ತೆಗಳುವುದರಲ್ಲಿದ್ದೆನಲ್ಲ ಎಂದು ಆ ದಿನ ನಿಜವಾಗಿಯೂ ನೊಂದುಕೊಂಡೆ. ಈಗ ಜಾಹೀರಾತಿನ ಹೊತ್ತಿನಲ್ಲಿಯೇ ಬಿಳಿ ಬಣ್ಣ ಬಿಳಿಯಾಗಿದೆಯೇ ನೋಡುತ್ತೇನೆ. ಇಲ್ಲದಿದ್ದರೆ ಎದ್ದು ಹೋಗಿ ವ್ಯವಸ್ಥಾಪಕರಿಗೆ ಹೇಳುತ್ತೇನೆ. ಮಧ್ಯಂತರದಲ್ಲಿ ಹೇಳಿದರೆ ಅರ್ಧ ಚಿತ್ರ ಹೋಗಿರುತ್ತದೆ.

ಚಿತ್ರದ ಬಗ್ಗೆ ನನ್ನ ಮಾತು ಇಷ್ಟು: ಕದಂಬರ ಕಾಲದ ಲೋಕವನ್ನು ಕಟ್ಟಿದ ಬಗೆ ದೊಡ್ಡದು, ರಥದ ದೃಶ್ಯ ಉಸಿರು ಹಿಡಿಸುತ್ತದೆ, ರುಕ್ಮಿಣಿ ವಸಂತ್ ಅವರ ಕನಕವತಿ ಮೊದಲಿಗಿಂತ ಎರಡನೆಯ ಸಲ ನೋಡಿದಾಗ ಹೆಚ್ಚು ಆಳವಾಗಿ ಕಂಡಳು. ಮೊದಲರ್ಧದ ಹಾಸ್ಯ ಮಾತ್ರ ಕಥೆಯ ಕಾಲಿಗೆ ತೊಡರುತ್ತದೆ. ದೈವದ ಆವೇಶದ ಭಾಗಕ್ಕೆ ಮಾತ್ರ ನಾನು ಅಂಕ ಕೊಡುವುದಿಲ್ಲ. ಅಲ್ಲಿ ಶಬ್ದ, ಬೆಳಕು, ರಿಷಬ್ ಶೆಟ್ಟಿ ಅವರ ದೇಹದ ದುಡಿಮೆ, ಇವುಗಳ ಬಗ್ಗೆ ಬರೆದು ಪೆನ್ನು ಮುಚ್ಚುತ್ತೇನೆ. ನಮ್ಮ ಮನೆಯ ದೈವದ ಕೋಲದಲ್ಲಿ ಕೈಮುಗಿದು ನಿಂತು ಬೆಳೆದವರು ನಾವು. ಆ ದಿನ ಹಿಂದಿನ ಸಾಲಿನ ಯುವಕನೊಬ್ಬ ದೈವದ ಕೂಗನ್ನು ಅನುಕರಿಸಿದಾಗ ಪಕ್ಕದ ಆಸನದ ಹಿರಿಯರು ತಲೆ ತಗ್ಗಿಸಿ ಕುಳಿತುಬಿಟ್ಟರು. ಹಾಗೆ ಅನುಕರಿಸಬೇಡಿ ಎಂದು ಚಿತ್ರತಂಡವೇ ಆಮೇಲೆ ಕೇಳಿಕೊಂಡಿತು. ಆ ಕೋರಿಕೆ ಚಿತ್ರಕ್ಕಿಂತ ಮೊದಲೇ ಪರದೆಯ ಮೇಲೆ ಬರಬೇಕಿತ್ತು.

ನನ್ನ ಅಭಿಪ್ರಾಯವನ್ನೇ ತಿರುವಿ ಹಾಕಿದ್ದು ಅದಕ್ಕಿಂತ ಮೊದಲು, ಜುಲೈ 25ರಂದು ಬಂದ ‘ಸು ಫ್ರಮ್ ಸೋ’. ಸು ಎಂದರೆ ಸುಲೋಚನಾ, ಸೋ ಎಂದರೆ ನಮ್ಮ ಉಳ್ಳಾಲದ ಪಕ್ಕದ ಸೋಮೇಶ್ವರ. ಸತ್ತ ಸುಲೋಚನಾ ಮೈಮೇಲೆ ಬಂದವನಂತೆ ನಟಿಸುವ ಅಶೋಕನಾಗಿ ನಿರ್ದೇಶಕ ಜೆ.ಪಿ. ತುಮಿನಾಡು ಅವರೇ ಇದ್ದಾರೆ. ಮೊದಲ ಸಲ ನೋಡಿದಾಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಒಂದು ಕಾಲದಲ್ಲಿ ನಮ್ಮ ಕರಾವಳಿಯ ಕನ್ನಡವೆಂದರೆ ಸಿನಿಮಾದಲ್ಲಿ ಹೋಟೆಲ್ ಭಟ್ಟರ ಬಾಯಿಗೆ ಮೀಸಲು; ಇಲ್ಲಿ ಇಡೀ ಊರು ಅದರಲ್ಲಿ ಜಗಳವಾಡುತ್ತದೆ, ಹೆದರುತ್ತದೆ, ಅಳುತ್ತದೆ. ಶನೀಲ್ ಗೌತಮ್ ಅವರ ರವಿಯಣ್ಣನಂಥವರು ನಮ್ಮ ಪ್ರತಿ ಊರಿನಲ್ಲಿಯೂ ಒಬ್ಬರಿದ್ದಾರೆ. ಟೋಲ್‌ಗೇಟ್ ದಾಟಿ ‘ಒಳ್ಳೆಯ ನಗೆಚಿತ್ರ, ದ್ವಿತೀಯಾರ್ಧ ಸ್ವಲ್ಪ ಭಾರ’ ಎಂದು ಬರೆದೆ.

ಎರಡನೆಯ ಸಲ ಮಂಗಳೂರಿನ ಬಿಜೈಯಲ್ಲಿರುವ ದೊಡ್ಡಮ್ಮನನ್ನು ಕರೆದುಕೊಂಡು ಹೋದೆ. ಎರಡನೆಯ ಸಲ ಹೋದಾಗ ನಾನು ಪರದೆಗಿಂತ ಹೆಚ್ಚಾಗಿ ಜನರನ್ನು ನೋಡುತ್ತೇನೆ. ರಾಜ್ ಬಿ. ಶೆಟ್ಟಿ ಅವರ ಗುರೂಜಿ ಬಂದಾಗ ಚಪ್ಪಾಳೆ, ಶಿಳ್ಳೆ. ದೊಡ್ಡಮ್ಮನೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಸುಲೋಚನಾಳ ಮಗಳು ಭಾನು ಬಂದ ಮೇಲೆ ಆ ಸೆರಗು ಬಾಯಿಯಿಂದ ಕೆಳಗಿಳಿಯಲಿಲ್ಲ, ನಗು ಮಾತ್ರ ನಿಂತಿತ್ತು. ನಮ್ಮ ಸಾಲಿನ ಹೆಂಗಸರಲ್ಲಿ ಹೆಚ್ಚಿನವರು ಹಾಗೆಯೇ ಕುಳಿತಿದ್ದರು. ಗಂಡಸರು ಮುಂದಿನ ನಗುವಿಗಾಗಿ ಕಾಯುತ್ತಿದ್ದರು. ನಾನೂ ಮೊದಲ ಸಲ ಹಾಗೆಯೇ ಕಾದಿದ್ದೆ. ನನಗೆ ಭಾರವೆನಿಸಿದ್ದು ಅದೇ ಭಾಗ.

ಮನೆಗೆ ನಡೆದು ಬರುವಾಗ ದೊಡ್ಡಮ್ಮ ತುಂಬ ಹೊತ್ತು ಸುಮ್ಮನಿದ್ದರು. ಗೇಟಿನ ಚಿಲಕ ತೆಗೆಯುತ್ತ ತುಳುವಿನಲ್ಲಿ ಹೇಳಿದ್ದನ್ನು ಆ ರಾತ್ರಿಯೇ ಪುಸ್ತಕಕ್ಕೆ ಇಳಿಸಿದೆ: ‘ನಮ್ಮ ವಠಾರದಲ್ಲಿಯೂ ಆ ಭಾನುವಿನಂಥವಳೊಬ್ಬಳಿದ್ದಳು ಮಗಾ. ಅವಳಿಗಾಗಿ ಯಾರ ಮೈಮೇಲೂ ಯಾರೂ ಬರಲಿಲ್ಲ.’

ಮೊದಲು ಬರೆದಿದ್ದ ಸಾಲನ್ನು ಹೊಡೆದು ಹಾಕಲಿಲ್ಲ. ಅದರ ಕೆಳಗೆ ತಾರೀಕು ಹಾಕಿ, ಬದುಕಿದ್ದ ಹೆಣ್ಣಿನ ಮಾತಿಗೆ ಕಿವಿಗೊಡದ ಊರು ಸತ್ತವಳ ಹೆದರಿಕೆಗೆ ಕಿವಿಗೊಡುವ ಕಥೆ ಇದು, ದ್ವಿತೀಯಾರ್ಧಕ್ಕಾಗಿಯೇ ನೋಡಬೇಕು ಎಂದು ಬರೆದೆ. ಬಳಿಕ ಚಿತ್ರದ ಬಗ್ಗೆ ಕೇಳಿದವರಿಗೆಲ್ಲ ಈ ಎರಡನೆಯ ಅಭಿಪ್ರಾಯವನ್ನೇ ಹೇಳಿದೆ. ಮೊದಲು ನಗೆಚಿತ್ರವೆಂದಷ್ಟೇ ಹೇಳಿದ್ದ ನಾಲ್ವರಿಗೆ ಫೋನ್ ಮಾಡಿ, ಇನ್ನೊಮ್ಮೆ ನೋಡಿ, ಮನೆಯ ಹಿರಿಯ ಹೆಂಗಸರನ್ನು ಜೊತೆಯಲ್ಲಿ ಕೂರಿಸಿಕೊಂಡು ನೋಡಿ ಎಂದೆ.